ಅಪ್ಪನ ಕಣ್ಣು ಹಳದಿ, ಆದ್ರೆ ಲಿವರ್ ನಾರ್ಮಲ್ ಅಂತೆ. "ರಕ್ತ ಒಡೀತಿದೆ" ಅಂತಿದಾರೆ, ಗೊತ್ತಿರೋರು ಸ್ವಲ್ಪ ಹೇಳಿ

ಹಿನ್ನೀರು ಹುಡುಗ
ಎಲ್ರಿಗೂ ನಮಸ್ಕಾರ. ಊರು ಹೊಸನಗರ ಕಡೆ, ನಾನಿರೋದು ಬೆಂಗಳೂರಲ್ಲಿ. ಅಪ್ಪನಿಗೆ 62. ತೋಟ ಗದ್ದೆ ಎಲ್ಲ ಈಗ್ಲೂ ಅವ್ರೇ ನೋಡ್ಕೊಳ್ಳೋದು. ಸ್ವಲ್ಪ ದಿನದಿಂದ ದರೆ ಹತ್ತಿದ್ರೆ ಏದುಸಿರು ಬರ್ತಿತ್ತಂತೆ, ವಯಸ್ಸಾಯ್ತು ಅಂತ ಯಾರಿಗೂ ಹೇಳಿಲ್ಲ, ಆಮೇಲೆ ಕಣ್ಣು ಹಳದಿ ಆಯ್ತು. ಊರೋರೆಲ್ಲ ಕಾಮಾಲೆ ಅಂದ್ರು, ಪಕ್ಕದೂರಲ್ಲಿ ಔಷಧಿ ಕೊಡೋರ ಹತ್ರ ಕರ್ಕೊಂಡು ಹೋಗಿ ಖಾಲಿ ಹೊಟ್ಟೆಗೆ ಸೊಪ್ಪಿನ ರಸ, ಉಪ್ಪು ಖಾರ ಎಣ್ಣೆ ಬಂದ್, ಬರೀ ಗಂಜಿ. ಕಮ್ಮಿ ಆಗೋದು ಬಿಡಿ, ಬಚ್ಚಲಿಗೆ ಹೋಗಿ ಬರೋಕೂ ಗೋಡೆ ಹಿಡ್ಕೊಳ್ಳೋ ಹಂಗಾಯ್ತು. ಶಿವಮೊಗ್ಗಕ್ಕೆ ತಂದು ಟೆಸ್ಟ್ ಮಾಡ್ಸಿದ್ವಿ. ಹಿಮೋಗ್ಲೋಬಿನ್ 6.4. ಬಿಲಿರುಬಿನ್ ಟೋಟಲ್ 4.2, ಡೈರೆಕ್ಟ್ 0.6. ಎಸ್‌ಜಿಪಿಟಿ ಅಂತ ಲಿವರ್ ಟೆಸ್ಟು, ಅದು ನಾರ್ಮಲ್. ಡಾಕ್ಟ್ರು "ಇದು ಲಿವರಿನ ಕಾಮಾಲೆ ಅಲ್ಲ, ಮೈಯೊಳಗೇ ರಕ್ತ ಒಡೀತಿದೆ, ಹಿಮೋಲಿಟಿಕ್ ಅನೀಮಿಯಾ" ಅಂದು ಅಡ್ಮಿಟ್ ಮಾಡ್ಕೊಂಡಿದಾರೆ, ಕೂಂಬ್ಸ್ ಅಂತ ಒಂದು ಟೆಸ್ಟ್ ಬರ್ದಿದಾರೆ. ಚಿಕ್ಕಪ್ಪ ಗೂಗಲ್ ಮಾಡಿ ಬ್ಲಡ್ ಕ್ಯಾನ್ಸರ್ರೇ ಅಂತ ಅಮ್ಮಂಗೆ ಹೇಳ್ಬಿಟ್ಟಿದಾರೆ, ಅಮ್ಮ ಅನ್ನ ನೀರು ಬಿಟ್ಟು ಕೂತಿದಾರೆ. ಎರಡೂ ಒಂದೇನಾ? ಲಿವರ್ ಸರಿ ಇದ್ರೆ ಹಳದಿ ಯಾಕೆ?

ಸ್ಲೈಡ್ ನೋಡೋನು
ಸಾಗರದಲ್ಲಿ ಲ್ಯಾಬ್ ಕೆಲಸ ನಂದು. ಡಾಕ್ಟ್ರಲ್ಲ, ಅದನ್ನ ಮೊದ್ಲೇ ಹೇಳ್ತೀನಿ.

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮುದಿಯಾದ ಕಣನ ಗುಲ್ಮ (ಸ್ಪ್ಲೀನ್), ಲಿವರ್ ಎಲ್ಲ ಸೇರಿ ಒಡ್ದು ಹಾಕುತ್ವೆ, ಒಳಗಿನ ಹಿಮೋಗ್ಲೋಬಿನ್ ಒಡ್ದಾಗ ಬರೋ ಹಳದಿ ಬಣ್ಣವೇ ಬಿಲಿರುಬಿನ್. ಲಿವರ್ ಅದನ್ನ ಸಂಸ್ಕರಿಸಿ ಪಿತ್ತದ ಜೊತೆ ಕರುಳಿಗೆ ಕಳಿಸುತ್ತೆ. ಸಂಸ್ಕರಿಸಿದ್ದು ಡೈರೆಕ್ಟ್, ಇನ್ನೂ ಆಗದೆ ಇರೋದು ಇನ್‌ಡೈರೆಕ್ಟ್. ನಿಮ್ಮಪ್ಪಂದು 4.2ರಲ್ಲಿ ಡೈರೆಕ್ಟ್ ಬರೀ 0.6, ಅಂದ್ರೆ ಉಳಿದ 3.6 ಇನ್‌ಡೈರೆಕ್ಟು. ಲಿವರ್ ಕೆಟ್ಟಿಲ್ಲ, ಅದಕ್ಕೆ ಬಂದು ಬೀಳ್ತಿರೋ ಸರಕೇ ವಿಪರೀತ. ಕಣಗಳು ಅವಧಿಗೆ ಮುಂಚೆ ಒಡೀತಿವೆ. ಹಿಮೋಗ್ಲೋಬಿನ್ 6.4 ಆಗಿರೋದೂ ಅದಕ್ಕೇ, ಕಣ್ಣು ಹಳದಿ ಆಗಿರೋದೂ ಅದಕ್ಕೇ, ಎರಡು ಕಾಯಿಲೆ ಅಲ್ಲ ಅದು.

ಒಂದು ವಿಷ್ಯ ಕೇಳ್ಬೇಕು, ಮೂತ್ರ ಹೆಂಗಿದೆ? ಲಿವರ್ ಕಾಮಾಲೆಲಿ ಮೂತ್ರ ಸಾಸಿವೆ ಎಣ್ಣೆ ಬಣ್ಣಕ್ಕೆ ಬರುತ್ತೆ. ಇನ್‌ಡೈರೆಕ್ಟ್ ಬಿಲಿರುಬಿನ್ ನೀರಲ್ಲಿ ಕರಗಲ್ಲ, ಮೂತ್ರಕ್ಕೆ ಇಳಿಯಲ್ಲ. ಕೋಕಾಕೋಲಾ ಥರ ಕಪ್ಪು ಬಂದ್ರೆ ಅದು ರಕ್ತನಾಳದ ಒಳಗೇ ಕಣ ಸಿಡೀತಿರೋ ಲಕ್ಷಣ, ಅರ್ಜೆಂಟು, ತಕ್ಷಣ ನರ್ಸಿಗೆ ಹೇಳಿ.

ಮತ್ತೆ ರೆಟಿಕ್ಯುಲೊಸೈಟ್ ಎಷ್ಟು, ಎಲ್‌ಡಿಎಚ್ (ಕಣ ಒಡೆದಾಗ ರಕ್ತದಲ್ಲಿ ಏರೋ ಕಿಣ್ವ) ಎಷ್ಟು, ಬಿಳಿ ಕಣ ಎಷ್ಟು ಅಂತ ನೋಡಿ ಹಾಕಿ. ಹೆಸರು, ಐಪಿ ನಂಬರ್ ಮುಚ್ಚಿ ಹಾಕಿ ಮಾರಾಯ್ರೆ, ಎಲ್ರಿಗೂ ಕಾಣುತ್ತೆ ಇದು.

ಪಂಡಿತರ ಮೊಮ್ಮಗ
ಔಷಧಿ ಪೂರ್ತಿ ಮಾಡದೆ ಅರ್ಧಕ್ಕೆ ಬಿಟ್ರೆ ಹಿಂಗೇ ಆಗೋದು. ನಮ್ಮಜ್ಜ ನೆಲನೆಲ್ಲಿ ಕೊಟ್ಟು ಎಷ್ಟು ಜನಕ್ಕೆ ವಾಸಿ ಮಾಡಿದಾರೆ, ಲೆಕ್ಕ ಇಟ್ಟಿಲ್ಲ. ಆಸ್ಪತ್ರೆಯೋರಿಗೆ ಎಲ್ಲಾ ಕ್ಯಾನ್ಸರೇ.

ನೈಟ್ ಡ್ಯೂಟಿ
ನಿಮ್ಮಜ್ಜನ ಬಗ್ಗೆ ಅಗೌರವ ಇಲ್ಲ ನಂಗೆ. ಆದ್ರೆ ನಮ್ಮ ಕಡೆ ಕಾಮಾಲೆ ಅಂತ ಬರೋದ್ರಲ್ಲಿ ತುಂಬಾ ಕೇಸು ಕೊಳಕು ನೀರಿಂದ ಬರೋ ಹೆಪಟೈಟಿಸ್ ಎ, ಅದು ಬಹುತೇಕರಿಗೆ ಕೆಲವು ವಾರದಲ್ಲಿ ತಾನಾಗೇ ಕಮ್ಮಿ ಆಗುತ್ತೆ, ಆ ಹೊತ್ತಲ್ಲಿ ಯಾವ ರಸ ಕುಡಿದಿರ್ತಾರೋ ಹೆಸರು ಅದಕ್ಕೆ ಹೋಗುತ್ತೆ. ತೊಂದ್ರೆ ಆಗೋದು ಇಲಿ ಜ್ವರದ ಕಾಮಾಲೆ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿರೋ ಕಾಮಾಲೆ, ಇವ್ರ ಅಪ್ಪನ ಥರ ರಕ್ತ ಒಡ್ದು ಬರೋ ಕಾಮಾಲೆ, ಎಲ್ಲದಕ್ಕೂ ಅದೇ ರಸ, ಅದೇ ಗಂಜಿ ಪಥ್ಯ ಮಾಡ್ಸಿದಾಗ. ಹಿಮೋಗ್ಲೋಬಿನ್ 6 ಇರೋ 62 ವರ್ಷದ ಮನುಷ್ಯನ್ನ ಬರೀ ಗಂಜಿ ಮೇಲೆ ಇಟ್ರೆ ಹೃದಯಕ್ಕೆ ಕಷ್ಟ. ಇನ್ನು ಕೈಗೆ ಬರೆ ಹಾಕೋರು ಈಗ್ಲೂ ಇದಾರೆ, ಅದ್ರ ಬಗ್ಗೆ ಮಾತಾಡ್ದೇ ಇರೋದು ಒಳ್ಳೇದು, ಸಿಟ್ಟು ಬರುತ್ತೆ.

ನಾನು ಮೆಡಿಸಿನ್ ಪಿಜಿ. ಇಲ್ಲಿ ಬರೆಯೋದು ಸಾಮಾನ್ಯ ಮಾಹಿತಿ ಮಾತ್ರ, ಅಪ್ಪನ್ನ ನೋಡ್ತಿರೋ ಡಾಕ್ಟ್ರ ಮಾತೇ ಕೊನೆ.

ಹಿನ್ನೀರು ಹುಡುಗ
ಮೂತ್ರ ಮಾಮೂಲಿ ಬಣ್ಣವೇ ಇದೆ. ರೆಟಿಕ್ 14 ಪರ್ಸೆಂಟು, ಎಲ್‌ಡಿಎಚ್ 890, ಕೂಂಬ್ಸ್ ಪಾಸಿಟಿವ್ ಅಂತ ಬಂತು. ಬಿಳಿ ಕಣ 48,000, ಅದ್ರಲ್ಲಿ ಲಿಂಫೊಸೈಟ್ 84 ಪರ್ಸೆಂಟು. ಪ್ಲೇಟ್ಲೆಟ್ 1.7 ಲಕ್ಷ. ಈ 48,000 ನೋಡಿ ಕೈಕಾಲು ಆಡ್ತಿಲ್ಲ. ಇನ್ನೊಂದು, ರಕ್ತ ಕೊಡೋಕೆ ಅಂತ ನಾನು, ತಮ್ಮ, ಭಾವ ಎಲ್ಲ ಬ್ಲಡ್ ಬ್ಯಾಂಕಿಗೆ ಹೋದ್ವಿ, ಗ್ರೂಪ್ ಒಂದೇ ಆದ್ರೂ ಯಾರ ರಕ್ತವೂ ಮ್ಯಾಚ್ ಆಗ್ತಿಲ್ಲ ಅಂತಿದಾರೆ. ಇದೆಂತ ಕಥೆ?

ಸ್ಲೈಡ್ ನೋಡೋನು
ಒಂದೊಂದಾಗಿ ಹೇಳ್ತೀನಿ, ಉದ್ದ ಆಗುತ್ತೆ.

ರೆಟಿಕ್ ಅಂದ್ರೆ ಮೂಳೆ ಮಜ್ಜೆಯಿಂದ ಆಗಷ್ಟೇ ಹೊರಗೆ ಬಂದ ಎಳೇ ಕೆಂಪು ಕಣ. ಸಾಮಾನ್ಯವಾಗಿ 2.5ರ ಒಳಗಿರುತ್ತೆ. ರಕ್ತ ಒಡೀತಿದೆ ಅಂತ ಗೊತ್ತಾದ ಕೂಡ್ಲೇ ಮಜ್ಜೆ ಅವಸರಕ್ಕೆ ಬೀಳುತ್ತೆ, ರೇಟ್ ಬಂತು ಅಂತ ಬಲಿಯೋ ಮುಂಚೆನೇ ಅಡಿಕೆ ಕೊನೆ ಇಳಿಸಿದ ಹಂಗೆ ಎಳೇ ಕಣಗಳನ್ನೇ ಕಳಿಸುತ್ತೆ. 14 ಅಂದ್ರೆ ಮಜ್ಜೆ ಚೆನ್ನಾಗೇ ದುಡೀತಿದೆ. ಮಜ್ಜೆ ತುಂಬ ಕ್ಯಾನ್ಸರ್ ಕಣ ತುಂಬ್ಕೊಂಡು ಕೆಂಪು ಕಣ ಹುಟ್ಟೋಕೇ ಜಾಗ ಇಲ್ಲ ಅನ್ನೋ ಪರಿಸ್ಥಿತಿ ಇದ್ದಿದ್ರೆ ರೆಟಿಕ್ ಹಿಂಗೆ ಏರ್ತಿರ್ಲಿಲ್ಲ. ಅಮ್ಮಂಗೆ ಮೊದ್ಲು ಇದನ್ನ ಹೇಳಿ.

ಕೂಂಬ್ಸ್ ಟೆಸ್ಟ್ 1945ರಿಂದ ಇರೋದು, ಕೇಂಬ್ರಿಡ್ಜಿನ ಕೂಂಬ್ಸ್ ಮತ್ತೆ ಅವ್ರ ಜೊತೆಯೋರು ಮಾಡಿದ್ದು. ಕೆಂಪು ಕಣದ ಮೈಗೆ ಆಂಟಿಬಾಡಿ ಅಂಟಿದ್ಯಾ ಅಂತ ನೋಡೋದು. ಪಾಸಿಟಿವ್ ಅಂದ್ರೆ ಅಂಟಿದೆ, ಅಂದ್ರೆ ಅಪ್ಪನ ರೋಗನಿರೋಧಕ ಶಕ್ತಿಯೇ ತನ್ನ ಕಣನ ಪರಕೀಯ ಅಂತ ತಿಳ್ಕೊಂಡಿದೆ. ಆಟೊಇಮ್ಯೂನ್ ಹಿಮೋಲಿಟಿಕ್ ಅನೀಮಿಯಾ ಅನ್ನೋದು ಇದಕ್ಕೇ. ಮ್ಯಾಚ್ ಆಗ್ದೇ ಇರೋದೂ ಅದೇ ಕಾರಣಕ್ಕೆ, ಆ ಆಂಟಿಬಾಡಿ ಅಪ್ಪನ ಕಣ ಮಾತ್ರ ಅಲ್ಲ, ಹೆಚ್ಚುಕಮ್ಮಿ ಎಲ್ರ ಕಣಕ್ಕೂ ಅಂಟುತ್ತೆ, ಯಾವ ಬ್ಯಾಗ್ ಇಟ್ಟು ಕ್ರಾಸ್‌ಮ್ಯಾಚ್ ಮಾಡಿದ್ರೂ ಗಂಟು ಕಟ್ಟುತ್ತೆ. ಊರೋರನ್ನೆಲ್ಲ ಜೀಪಲ್ಲಿ ತುಂಬ್ಕೊಂಡು ಬಂದ್ರೂ ಅಷ್ಟೇ. ಜೀವಕ್ಕೆ ಅಪಾಯ ಅನ್ನೋ ಹಂಗಿದ್ರೆ ಇದ್ದಿದ್ರಲ್ಲಿ ಕಮ್ಮಿ ವಿರೋಧ ತೋರಿಸೋ ಬ್ಯಾಗ್ ಆರಿಸಿ, ನಿಧಾನಕ್ಕೆ, ಪಕ್ಕದಲ್ಲಿ ನಿಂತು ಕೊಡ್ತಾರೆ.

48,000ದ ಬಗ್ಗೆ ಪಿಜಿ ಸಾಹೇಬ್ರು ಹೇಳ್ಲಿ. ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ನೋಡೋದು) ರಿಪೋರ್ಟಲ್ಲಿ "ಸ್ಮಡ್ಜ್ ಸೆಲ್" ಅಂತ, ಅಂದ್ರೆ ಸವರುವಾಗ ಅಪ್ಪಚ್ಚಿಯಾದ ಲಿಂಫೊಸೈಟ್ ಅಂತ, ಬರ್ದಿದಾರಾ ನೋಡಿ.

ಹಿನ್ನೀರು ಹುಡುಗ
ಹೌದು ಬರ್ದಿದಾರೆ. ಸ್ಫೆರೊಸೈಟ್ ಅಂತನೂ ಇದೆ. ಬ್ಲಾಸ್ಟ್ ಕಂಡಿಲ್ಲ ಅಂತ ಕೆಳಗೆ ಇದೆ.

ನೈಟ್ ಡ್ಯೂಟಿ
ಸ್ಫೆರೊಸೈಟ್ ಅಂದ್ರೆ ಉಂಡೆಯಾದ ಕೆಂಪು ಕಣ, ಅದು ರಕ್ತ ಒಡೆಯೋದಕ್ಕೆ ಸೇರಿದ್ದು. ಬ್ಲಾಸ್ಟ್ ಇಲ್ಲ ಅನ್ನೋ ಆ ಕೊನೇ ಸಾಲೇ ಮುಖ್ಯ. ಬ್ಲಾಸ್ಟ್ ಅಂದ್ರೆ ಬಲಿಯದೇ ಇರೋ ಕಣ, ಅಕ್ಯೂಟ್ ಲುಕೇಮಿಯಾಲಿ, ಅಂದ್ರೆ ವೇಗವಾಗಿ ಏರೋ ಬ್ಲಡ್ ಕ್ಯಾನ್ಸರಲ್ಲಿ, ತುಂಬ್ಕೊಳ್ಳೋದು ಅವು. ನಿಮ್ಮಪ್ಪಂದು ಬಲಿತ ಲಿಂಫೊಸೈಟ್‌ಗಳು, ವಯಸ್ಸಾದೋರಲ್ಲಿ ಹಿಂಗೆ ಕಂಡ್ರೆ ಸಿಎಲ್‌ಎಲ್ ಅಂತ ಅನುಮಾನ, ಕ್ರಾನಿಕ್ ಲಿಂಫೊಸೈಟಿಕ್ ಲುಕೇಮಿಯಾ. ಹೆಸರಲ್ಲಿ ಲುಕೇಮಿಯಾ ಇದೆ, ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ, ಹಂಗಾಗಿ ನಿಮ್ಮ ಚಿಕ್ಕಪ್ಪ ಪೂರ್ತಿ ಸುಳ್ಳು ಹೇಳಿಲ್ಲ. ಆದ್ರೆ ಸಿನಿಮಾದಲ್ಲಿ ತೋರಿಸೋ ಬ್ಲಡ್ ಕ್ಯಾನ್ಸರ್ ಅಲ್ಲ ಇದು. ತುಂಬಾ ಜನಕ್ಕೆ ವರ್ಷಗಟ್ಲೆ ಔಷಧಿನೇ ಬೇಕಾಗಲ್ಲ, ಬರೀ ನೋಡ್ತಾ ಇರೋದು. ಬಿಳಿ ಕಣ ಜಾಸ್ತಿ ಇದೆ ಅನ್ನೋದೊಂದೇ ಚಿಕಿತ್ಸೆ ಶುರು ಮಾಡೋಕೆ ಕಾರಣ ಅಲ್ಲ.

ಎರಡಕ್ಕೂ ಸಂಬಂಧ ಇದೆ. ಸಿಎಲ್‌ಎಲ್ ಇರೋರ ಇಮ್ಯೂನ್ ವ್ಯವಸ್ಥೆ ದಾರಿ ತಪ್ಪೋದು ಜಾಸ್ತಿ, ಅವ್ರಲ್ಲಿ ಒಂದಷ್ಟು ಜನಕ್ಕೆ ಹಿಂಗೆ ತನ್ನ ಕೆಂಪು ಕಣನೇ ಒಡೆಯೋ ಆಂಟಿಬಾಡಿ ಹುಟ್ಟುತ್ತೆ. ಖಚಿತ ಮಾಡ್ಕೊಳ್ಳೋಕೆ ಫ್ಲೋ ಸೈಟೊಮೆಟ್ರಿ ಕಳಿಸ್ತಾರೆ, ಕಣ ಯಾವ ಬಗೆದು ಅಂತ ಗುರುತಿಸೋ ಟೆಸ್ಟು ಅದು, ಕೈಯಿಂದ ತೆಗೆದ ರಕ್ತ ಸಾಕು, ಸಿಎಲ್‌ಎಲ್‌ಗೆ ಎಷ್ಟೋ ಸಲ ಸೊಂಟದ ಮೂಳೆಯಿಂದ ಮಜ್ಜೆ ತೆಗೆಯೋದೇ ಬೇಕಾಗಲ್ಲ. ಈಗ ತುರ್ತು ಇರೋದು ರಕ್ತ ಒಡೆಯೋದನ್ನ ನಿಲ್ಸೋದು. ಅದಕ್ಕೆ ಮೊದ್ಲು ಸ್ಟಿರಾಯ್ಡ್, ಸಾಮಾನ್ಯವಾಗಿ ಕೆಜಿಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೊಲೋನ್, ಜೊತೆಗೆ ಫೋಲಿಕ್ ಆಸಿಡ್, ಮಜ್ಜೆ ಇಷ್ಟು ವೇಗಕ್ಕೆ ಕಣ ಮಾಡ್ತಿರೋವಾಗ ಅದು ಖಾಲಿ ಆಗುತ್ತೆ. ಕಬ್ಬಿಣದ ಟಾನಿಕ್ ಯಾರಾದ್ರೂ ತಂದುಕೊಟ್ರೆ ಡಾಕ್ಟ್ರನ್ನ ಕೇಳ್ದೆ ಕುಡಿಸ್ಬೇಡಿ, ಮೈಯೊಳಗೆ ಒಡೆದ ಕಣದ ಕಬ್ಬಿಣ ಮೈಯಲ್ಲೇ ಉಳಿದಿರುತ್ತೆ.

ತಂಬುಳಿ ಪ್ರಿಯೆ
ಬಿಳಿ ಕಣ, ಪ್ಲೇಟ್ಲೆಟ್ ಅಂದ್ರೆ ಹೆದರಿಕೆ ಹೆಂಗಿರುತ್ತೆ ಅಂತ ನಂಗೊತ್ತು. ನಮ್ಮ ಅತ್ತೆಗೆ ಹಿಮೋಗ್ಲೋಬಿನ್ 5.8, ಬಿಳಿ ಕಣ 2,100, ಪ್ಲೇಟ್ಲೆಟ್ 42,000, ಕಣ್ಣು ಲೈಟಾಗಿ ಹಳದಿ, ಎಲ್‌ಡಿಎಚ್ ಅಂತೂ ಸಾವಿರಗಟ್ಲೆ. ಒಬ್ರು ರಕ್ತ ಒಡೀತಿದೆ ಅಂದ್ರು, ಇನ್ನೊಬ್ರು ಲುಕೇಮಿಯಾ ಇರ್ಬೋದು ಅಂದ್ರು, ಮನೇಲಿ ಆಸ್ತಿ ಪಾಲಿನ ಮಾತೂ ಬಂದುಹೋಯ್ತು. ಕೊನೆಗೆ ಬಿ12 ಕೊರತೆ! ಕಣದ ಗಾತ್ರ, ಎಂಸಿವಿ ಅಂತಾರಲ್ಲ, ಅದು 118 ಇತ್ತು, ರೆಟಿಕ್ ಕಮ್ಮಿ ಇತ್ತು. ನಾವು ಶುದ್ಧ ಸಸ್ಯಾಹಾರಿಗಳು, ಅತ್ತೆಗೆ ಹಾಲು ಮಜ್ಜಿಗೆನೂ ಆಗ್ಬರಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಒಂದು ವಾರಕ್ಕೇ ರೆಟಿಕ್ ಏರ್ತು, ಈಗ ಹಪ್ಪಳ ಹಚ್ಚೋಕೆ ನಮಗಿಂತ ಮುಂಚೆ ಅವ್ರೇ ಕೂರ್ತಾರೆ.

ಸ್ಲೈಡ್ ನೋಡೋನು
ಇದು ನಮ್ಮ ಕಡೆ ಬ್ರಾಹ್ಮಣ, ಲಿಂಗಾಯತ ಮನೆಗಳಲ್ಲಿ ನೋಡ್ಲೇಬೇಕಾದ ವಿಷ್ಯ. ಬಿ12 ಇಲ್ದಿದ್ರೆ ಕಣ ಮಜ್ಜೆಯೊಳಗೇ ಸಾಯುತ್ವೆ, ಅದಕ್ಕೆ ಎಲ್‌ಡಿಎಚ್ ಏರುತ್ತೆ, ಸ್ವಲ್ಪ ಕಾಮಾಲೆನೂ ಬರುತ್ತೆ. ಹಿಮೋಲಿಸಿಸಲ್ಲಿ ರೆಟಿಕ್ ಜಾಸ್ತಿ, ಬಿ12ರಲ್ಲಿ ಕಮ್ಮಿ. ರೆಟಿಕ್ ಅಷ್ಟೊಂದು ಅಗ್ಗದ ಟೆಸ್ಟು, ಬರೆಯೋದೇ ಮರೀತಾರೆ.

ಕೊನೆಗೌಡ
ನಾನು ಸಿಎಂಎಲ್ ಪೇಷಂಟು, ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ. ಇವ್ರಪ್ಪಂದು ಸಿಎಲ್‌ಎಲ್, ನಂದು ಎಂ, ಅಕ್ಷರ ಒಂದು ಬೇರೆ ಆದ್ರೆ ಕಾಯಿಲೆನೇ ಬೇರೆ. ನಂಗೆ ಎಡಗಡೆ ಹೊಟ್ಟೆ ಭಾರ ಅಂತ ಹೋಗಿದ್ದು, ಗುಲ್ಮ ಹೊಕ್ಕುಳ ತನಕ ಬಂದಿತ್ತು, ಬಿಳಿ ಕಣ ಎರಡು ಲಕ್ಷದ ಮೇಲೆ. ಮರ ಹತ್ತೋದು ಅವತ್ತೇ ಬಂದ್ ಮಾಡ್ಸಿದ್ರು, ಬಿದ್ರೆ ಗುಲ್ಮ ಒಡ್ದು ಒಳಗೇ ರಕ್ತ ಹೋಗುತ್ತೆ ಅಂತ. ಈಗ ದಿನಾ ಊಟದ ಜೊತೆ ಇಮ್ಯಾಟಿನಿಬ್ 400 ಒಂದು ಮಾತ್ರೆ, ಮೂರು ತಿಂಗ್ಳಿಗೊಮ್ಮೆ ಕಾಯಿಲೆ ಎಷ್ಟು ಉಳಿದಿದೆ ಅಂತ ನೋಡೋ ಬಿಸಿಆರ್ ಎಬಿಎಲ್ ಟೆಸ್ಟು. ಕಾಲು ಸೆಳೆತ ಬರುತ್ತೆ, ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿರುತ್ತೆ, ಅಷ್ಟು ಬಿಟ್ರೆ ತೋಟದ ಕೆಲಸ ನಡೀತಿದೆ.

ಈ ಕಾಯಿಲೆ ಕಥೆ ಓದಿದ್ರೆ ಮಜಾ ಇದೆ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಇಬ್ರು ಈ ಪೇಷಂಟುಗಳ ಕಣದಲ್ಲಿ ಒಂದು ಕುಳ್ಳ ಕ್ರೋಮೊಸೋಮ್ ನೋಡಿದ್ರು, 1973ರಲ್ಲಿ ಜಾನೆಟ್ ರೌಲಿ ಅನ್ನೋರು ಅದು 9 ಮತ್ತೆ 22ರ ತುಂಡು ಅದಲು ಬದಲು ಆಗಿದ್ದು ಅಂತ ಕಂಡುಹಿಡಿದ್ರು, ಆ ಅದಲು ಬದಲಿಂದ ಹುಟ್ಟೋ ಪ್ರೋಟೀನಿಗೇ ಗುರಿ ಇಟ್ಟ ಮಾತ್ರೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಆಯ್ತು. ನಮ್ಮ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ಕ್ಕೆ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ಇಲ್ಲ ಅಂದಿದ್ದಕ್ಕೆ ಇಲ್ಲಿ ಜೆನೆರಿಕ್ ಉಳ್ಕೊಂಡ್ತು, ಇಲ್ದಿದ್ರೆ ನನ್ನಂಥೋನು ಅಡಿಕೆ ಮಾರಿ ಅಲ್ಲ, ತೋಟನೇ ಮಾರಿ ಮಾತ್ರೆ ತಗೋಬೇಕಿತ್ತು.

ಹಿನ್ನೀರು ಹುಡುಗ
ಧೈರ್ಯ ಬಂತು ಗೌಡ್ರೆ. ಒಂದು ಡೌಟು, ಅಪ್ಪ ಮಳೆಗಾಲ ಪೂರ್ತಿ ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸ್ತಾರೆ, ಅದಕ್ಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಕಲಸೋದು ಅವ್ರೇ. ಅದ್ರಿಂದ ಆಗಿರ್ಬೋದಾ?

ನೈಟ್ ಡ್ಯೂಟಿ
ಒಳ್ಳೇ ಪ್ರಶ್ನೆ, ಯಾಕಂದ್ರೆ ಮೈಲುತುತ್ತಕ್ಕೂ ರಕ್ತ ಒಡೆಯೋದಕ್ಕೂ ನಿಜವಾಗ್ಲೂ ನಂಟಿದೆ. ಯಾರಾದ್ರೂ ಅದನ್ನ ನುಂಗಿದ್ರೆ, ಮಕ್ಕಳು ನೀಲಿ ಕಲ್ಲುಸಕ್ಕರೆ ಅಂದ್ಕೊಂಡು ಬಾಯಿಗೆ ಹಾಕ್ಕೊಂಡ್ರೂ ಸರಿ, ತಾಮ್ರ ರಕ್ತಕ್ಕೆ ಹೋಗಿ ಕೆಂಪು ಕಣ ಸಿಡಿಯುತ್ತೆ, ಕಿಡ್ನಿ ಹೋಗುತ್ತೆ, ಜೀವನೂ ಹೋಗ್ಬೋದು. ಅಟ್ಟದ ಮೇಲೆ ಬೀಗ ಹಾಕಿ ಇಡೋ ವಸ್ತು ಅದು. ಆದ್ರೆ ಅದು ಗಂಟೆ, ದಿನದ ಲೆಕ್ಕದಲ್ಲಿ ಆಗೋ ವಿಷ, ಅಲ್ಲಿ ಆಂಟಿಬಾಡಿ ಇರಲ್ಲ. ಅಪ್ಪಂದು ಕೂಂಬ್ಸ್ ಪಾಸಿಟಿವ್, ದಾರಿನೇ ಬೇರೆ. ಬೋರ್ಡೋ ಮೇಲೆ ತಪ್ಪು ಹೊರಿಸೋದು ಬೇಡ.

ಇದೇ ಥರ ಇನ್ನೊಂದು, ಮಳೆಗಾಲದಲ್ಲಿ ಕಂಬಳಿ ಬಟ್ಟೆಗೆ ಹಾಕಿಡ್ತೀವಲ್ಲ ನುಸಿ ಗುಳಿಗೆ, ಆ ಬಿಳಿ ನ್ಯಾಫ್ತಲೀನ್ ಉಂಡೆ. ಜಿ6ಪಿಡಿ ಅಂತ ಒಂದು ಕಿಣ್ವ ಹುಟ್ಟಿನಿಂದ್ಲೇ ಕಮ್ಮಿ ಇರೋರಿಗೆ, ಹೆಚ್ಚಾಗಿ ಗಂಡುಮಕ್ಕಳಿಗೆ, ಅದ್ರ ವಾಸನೆ ತುಂಬಿದ ಬಟ್ಟೆ ಹೊದಿಸಿದ್ರೂ ರಕ್ತ ಒಡೀಬೋದು. ಬಾಣಂತಿ ಕೋಣೆಗೆ ಪೆಟ್ಟಿಗೆಯಿಂದ ತೆಗ್ದ ಹಳೇ ಕಂಬಳಿ ಹಂಗೇ ತರ್ಬೇಡಿ. ಮಲೇರಿಯಾಗೆ ಕೊಡೋ ಪ್ರೈಮಾಕ್ವಿನ್ ಕೂಡ ಇಂಥೋರಿಗೆ ಆಗಲ್ಲ.

ಆಗುಂಬೆ ಚಳಿ
ಚಳಿಗೆ ರಕ್ತ ಒಡೆಯೋದೂ ಇದೆ ಅಂತ ಹೇಳೋಕೆ ಬಂದೆ. ನಮ್ಮ ದೊಡ್ಡಮ್ಮಂಗೆ ಮಳೆಗಾಲ ಬಂತು ಅಂದ್ರೆ ಬೆರಳ ತುದಿ, ಮೂಗು ನೀಲಿ, ಸುಸ್ತು. ಕೋಲ್ಡ್ ಅಗ್ಲುಟಿನಿನ್ ಅಂದ್ರು, ಚಳಿಗೆ ಕೆಂಪು ಕಣಗಳನ್ನ ಅಂಟಿಸೋ ಆಂಟಿಬಾಡಿಯಂತೆ. ಬೆಚ್ಚಗಿರೋದೇ ಅರ್ಧ ಔಷಧಿ, ಕೈಗವಸು, ಕಾಲುಚೀಲ, ತಣ್ಣೀರಲ್ಲಿ ಪಾತ್ರೆ ತೊಳೆಯೋದು ಬಂದ್. ಈ ಥರದಕ್ಕೆ ಸ್ಟಿರಾಯ್ಡ್ ಅಷ್ಟಾಗಿ ಕೆಲಸ ಮಾಡಲ್ವಂತೆ.

ಸ್ಲೈಡ್ ನೋಡೋನು
ಲ್ಯಾಬಲ್ಲಿ ಇದು ಮೆಷಿನ್ನಿಗೇ ಟೋಪಿ ಹಾಕುತ್ತೆ. ಟ್ಯೂಬ್ ತಣ್ಣಗಾದ ಕೂಡ್ಲೇ ಕಣ ಅಂಟ್ಕೊಂಡು ಕೆಂಪು ಕಣದ ಲೆಕ್ಕ ತೀರಾ ಕಮ್ಮಿ, ಎಂಸಿಎಚ್‌ಸಿ (ಕಣದೊಳಗಿನ ಹಿಮೋಗ್ಲೋಬಿನ್ ಸಾಂದ್ರತೆ) ಅಸಂಬದ್ಧವಾಗಿ ಜಾಸ್ತಿ ಬರುತ್ತೆ. 37 ಡಿಗ್ರಿಗೆ ಬೆಚ್ಚಗೆ ಮಾಡಿ ಮತ್ತೆ ಓಡಿಸಿದ್ರೆ ಸರಿ ಹೋಗುತ್ತೆ.

ತೀರ್ಥಹಳ್ಳಿ ತಾಯಿ
ಇಲ್ಲಿ ಎಲ್ಲಾ ದೊಡ್ಡೋರ ಮಾತು ಬಂತು, ಮಕ್ಕಳದ್ದೂ ಸ್ವಲ್ಪ ಇರ್ಲಿ. ನನ್ನ ಮಗಂಗೆ ನಾಲ್ಕು ವರ್ಷ ಇದ್ದಾಗ ಕಾಲು ನೋವು ಅಂತ ನಡೆಯೋಕೇ ಒಲ್ಲೆ ಅಂತಿದ್ದ, ಜ್ವರ ಬಂದು ಬಂದು ಹೋಗ್ತಿತ್ತು, ತೊಡೆ ಮೇಲೆ ನೀಲಿ ಕಲೆ. ಬೇಸಿಗೆ ಶುರುವಾಗಿತ್ತು, ಪ್ಲೇಟ್ಲೆಟ್ ಕಮ್ಮಿ ಅಂದ ಕೂಡ್ಲೇ ಎಲ್ರೂ ಮಂಗನ ಕಾಯಿಲೆ ಇಲ್ಲ ಡೆಂಗ್ಯೂ ಅಂದ್ರು. ಅನ್ನೋದೂ ಸಹಜನೇ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕ ಕಾಯಿಲೆ ಅದು, ನಮ್ಮ ಮನೆ ಬಾಗಿಲಿಂದು, ಅದ್ರಲ್ಲೂ ಪ್ಲೇಟ್ಲೆಟ್, ಬಿಳಿ ಕಣ ಬೀಳುತ್ವೆ. ಆದ್ರೆ ಇವ್ನಿಗೆ ಜ್ವರ ಬಿಟ್ಟ ಮೇಲೂ ಪ್ಲೇಟ್ಲೆಟ್ ಏರ್ಲಿಲ್ಲ, ಹಿಮೋಗ್ಲೋಬಿನ್ ಇಳೀತಾನೇ ಹೋಯ್ತು, ಕುತ್ತಿಗೇಲಿ ಗಂಟು. ಒಬ್ರು ವಯಸ್ಸಾದ ಡಾಕ್ಟ್ರು ಸ್ಮಿಯರ್ ಮಾಡ್ಸಿ ಅಂದ್ರು, ಬ್ಲಾಸ್ಟ್ ಕಂಡ್ವು. ಎಎಲ್‌ಎಲ್, ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ.

ಟ್ರೀಟ್‌ಮೆಂಟು ಎರಡು ಎರಡೂವರೆ ವರ್ಷ ಹಿಡಿಯುತ್ತೆ. ಬೆನ್ನಿನ ಮೂಳೆ ಸಂದಿಗೆ ಇಂಜೆಕ್ಷನ್ ಯಾಕೆ ಅಂತ ಅಳ್ತಿದ್ದೆ, ರಕ್ತಕ್ಕೆ ಕೊಡೋ ಔಷಧಿ ಮೆದುಳಿಗೆ ಸರಿಯಾಗಿ ತಲುಪಲ್ಲ, ಕ್ಯಾನ್ಸರ್ ಕಣ ಅಲ್ಲಿ ಅಡಗಿ ಕೂರುತ್ತೆ ಅಂತ ಆಮೇಲೆ ತಿಳೀತು. ಸ್ಟಿರಾಯ್ಡ್ ವಾರಗಳಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಅಕ್ಕಿ ರೊಟ್ಟಿ ಬೇಕು ಅಂತ ಕೂರ್ತಿದ್ದ, ಅದೂ ಕಾಯಿ ಚಟ್ನಿ ಜೊತೆನೇ ಆಗ್ಬೇಕು. ಮುಂದುವರಿದ ದೇಶಗಳಲ್ಲಿ ಈ ಕಾಯಿಲೆ ಬಂದ ಮಕ್ಕಳಲ್ಲಿ 100ಕ್ಕೆ 90ರ ಹತ್ರ ಬದುಕ್ತಾರೆ. ನಮ್ಮಲ್ಲಿ ಕಮ್ಮಿ ಆಗೋದು ಸೋಂಕಿಗೆ, ಮತ್ತೆ ಕೂದ್ಲು ಉದುರ್ತು, ದುಡ್ಡು ಮುಗೀತು, ವಾಸಿ ಆದಂಗಿದೆ ಅಂತ ಅರ್ಧಕ್ಕೆ ನಿಲ್ಸೋದಕ್ಕೆ. ಮೊದಲ ತಿಂಗಳಲ್ಲೇ ಕಣ ಮಾಯ ಆಗ್ಬೋದು, ಅದು ವಾಸಿ ಅಲ್ಲ, ಅಡಗಿರೋದು ಉಳಿದಿರುತ್ತೆ.

ಕೀಮೊ ಆಗ್ತಿರೋ ಮಗುಗೆ ಜ್ವರ 100.4 ಮುಟ್ಟಿದ್ರೆ ಪ್ಯಾರಾಸಿಟಮಾಲ್ ಹಾಕಿ ಬೆಳಿಗ್ಗೆ ನೋಡೋಣ ಅನ್ನೋ ಹಂಗಿಲ್ಲ, ರಾತ್ರಿ ಎಷ್ಟೊತ್ತಾದ್ರೂ ಹೊರಡ್ಬೇಕು. ಮಳೆಗೆ ಘಾಟಿ ರಸ್ತೆ ಕುಸಿದ್ರೆ ಎಂತ ಮಾಡೋದು ಅಂತ ಮೊದಲ ಹಂತ ಮುಗಿಯೋ ತನಕ ಆಸ್ಪತ್ರೆ ಹತ್ರನೇ ರೂಮ್ ಮಾಡಿದ್ವಿ. ಈಗ ಶಾಲೆಗೆ ಹೋಗ್ತಿದಾನೆ, ಲೆಕ್ಕದಲ್ಲಿ ದಡ್ಡ, ಅದು ಕೀಮೊದಿಂದ ಅಲ್ಲ, ಅವರಪ್ಪನಿಂದ.

ಪಂಡಿತರ ಮೊಮ್ಮಗ
ಅಕ್ಕಾ, ಓದಿ ಕಣ್ಣು ತುಂಬ್ತು. ನಾನು ಮೇಲೆ ಹೇಳಿದ್ದು ಎಲ್ಲಾ ಕಾಮಾಲೆಗೂ ಅಂತಲ್ಲ. ನಮ್ಮಜ್ಜನೂ ಮೊದ್ಲು ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡ್ತಿದ್ರು, ಬಿಳಿಚಿದ್ರೆ ನನ್ನ ಕೈಲಾಗಲ್ಲ ಅಂತ ಕಳಿಸ್ತಿದ್ರು. ಈಗ ಕೊಡೋರಿಗೆ ಆ ತಾಳ್ಮೆ ಇಲ್ಲ ಅನ್ನೋದು ಒಪ್ಕೊಳ್ತೀನಿ.

ನೈಟ್ ಡ್ಯೂಟಿ
ನಿಮ್ಮಜ್ಜ ಸರಿಯಾಗೇ ನೋಡ್ತಿದ್ರು. ಹಳದಿ ಜೊತೆ ಬಿಳಿಚಿಕೊಂಡಿದ್ರೆ ರಕ್ತದ ಕಡೆ ನೋಡ್ಬೇಕು ಅನ್ನೋದೇ ನಾವು ಕಾಲೇಜಲ್ಲಿ ಕಲಿಯೋದೂ.

ಹಿನ್ನೀರು ಹುಡುಗ
ಅಪ್‌ಡೇಟ್. ಸ್ಟಿರಾಯ್ಡ್ ಶುರು ಮಾಡಿದ ಮೇಲೆ ಹಿಮೋಗ್ಲೋಬಿನ್ 7.9ಕ್ಕೆ ಬಂದಿದೆ, ಹಳದಿ ಇಳೀತಿದೆ, ಎದ್ದು ಕೂತು ಪೇಪರ್ ಓದ್ತಿದಾರೆ. ಫ್ಲೋ ರಿಪೋರ್ಟಲ್ಲಿ ಸಿಎಲ್‌ಎಲ್ ಅಂತಾನೇ ಬಂತು. ಅಮ್ಮಂಗೆ ನಾನೇ ಕೂರಿಸ್ಕೊಂಡು ಹೇಳ್ದೆ. ಆದ್ರೆ ಬಿಳಿ ಕಣ 48,000 ಇದ್ದಿದ್ದು 71,000 ಆಗಿದೆ! ಔಷಧಿ ಕೊಟ್ಟ ಮೇಲೆ ಕ್ಯಾನ್ಸರ್ ಜಾಸ್ತಿ ಆಯ್ತಾ?

ನೈಟ್ ಡ್ಯೂಟಿ
ಗಾಬರಿ ಬೇಡ. ಸ್ಟಿರಾಯ್ಡ್ ಕೊಟ್ಟಾಗ ಗಂಟು, ಗುಲ್ಮದಲ್ಲಿ ಕೂತಿರೋ ಲಿಂಫೊಸೈಟ್‌ಗಳು ಹೊರಗೆ ರಕ್ತಕ್ಕೆ ಬರುತ್ವೆ, ಸಿಎಲ್‌ಎಲ್‌ನಲ್ಲಿ ಇದು ಗೊತ್ತಿರೋ ವಿಷ್ಯ. ಹೊಸದಾಗಿ ಹುಟ್ಟಿದ್ದಲ್ಲ, ಜಾಗ ಬದಲಾಯ್ಸಿದ್ದು. ಈಗ ನೋಡ್ಬೇಕಾದ್ದು ಹಿಮೋಗ್ಲೋಬಿನ್, ರೆಟಿಕ್, ಎಲ್‌ಡಿಎಚ್.

ಸ್ಟಿರಾಯ್ಡನ್ನ ಬೆಳಿಗ್ಗೆ ತಿಂಡಿ ಆದ ಮೇಲೆ ಕೊಡಿ, ಶುಗರ್ ಆಗಾಗ ಚೆಕ್ ಮಾಡ್ಸಿ, ಚೆನ್ನಾಗಾಯ್ತು ಅಂತ ದಿಢೀರ್ ನಿಲ್ಲಿಸೋದಂತೂ ಬೇಡ, ವಾರಗಟ್ಲೆ ಸ್ವಲ್ಪ ಸ್ವಲ್ಪವೇ ಇಳಿಸ್ತಾರೆ. ಇಳಿಸುವಾಗ ಮತ್ತೆ ಒಡೆಯೋಕೆ ಶುರುವಾದ್ರೆ ರಿಟಕ್ಸಿಮ್ಯಾಬ್ ಅಂತ ಇಂಜೆಕ್ಷನ್ ಇದೆ, ಅದಕ್ಕೆ ಮುಂಚೆ ಹೆಪಟೈಟಿಸ್ ಬಿ ಟೆಸ್ಟ್ ಆಗ್ಲೇಬೇಕು, ಅಡಗಿದ್ರೆ ಎದ್ದುಬಿಡುತ್ತೆ. ಜ್ವರ ಬಂದ್ರೆ ಅಪ್ಪಂಗೂ ತಡ ಮಾಡ್ಬೇಡಿ.

ಕೊನೆಗೌಡ
ದುಡ್ಡಿನ ವಿಷ್ಯ ಯಾರೂ ಹೇಳ್ಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿದ್ರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್ ಆದ್ರೆ ಪ್ಯಾಕೇಜ್ ದರದಲ್ಲಿ ಸರ್ಕಾರ ಕೊಡೋದು 30 ಪರ್ಸೆಂಟು, ವರ್ಷಕ್ಕೆ ಒಂದೂವರೆ ಲಕ್ಷದ ತನಕ. ದೊಡ್ಡ ಆಸ್ಪತ್ರೆಗೆ ಹೋಗೋದಾದ್ರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮೊದ್ಲೇ ಮಾಡ್ಸಿ, ನಿಮ್ಗೆ ಮೆಗ್ಗಾನ್ ಹತ್ರನೇ ಇದೆ. ಬೆಂಗಳೂರಲ್ಲಿ ಕಿದ್ವಾಯಿಗೆ ಹೋದ್ರೆ ಬೆಳಗಿನ ಜಾವಕ್ಕೇ ಕ್ಯೂ, ನೀವು ಅಲ್ಲೇ ಇರೋದ್ರಿಂದ ಸಲೀಸು.

ಹಿನ್ನೀರು ಹುಡುಗ
ಎಪಿಎಲ್ ನಮ್ದು. ಚೀಟಿ ನಾಳೆನೇ ಕೇಳ್ತೀನಿ. ಅಪ್ಪ ಆಗ್ಲೇ ಕೊನೆ ಕೊಯ್ಲಿಗೆ ಜನ ಹೇಳಿದ್ಯಾ ಅಂತ ಕೇಳೋಕೆ ಶುರು ಮಾಡಿದಾರೆ, ಅಡಿಕೆ ಸುಲಿಯೋ ಚಪ್ಪರಕ್ಕೆ ಕೂರಿಸ್ಬೋದಾ?

ನೈಟ್ ಡ್ಯೂಟಿ
ಹಿಮೋಗ್ಲೋಬಿನ್ 10 ದಾಟ್ಲಿ, ಡಾಕ್ಟ್ರು ಹೂಂ ಅನ್ಲಿ, ಆಮೇಲೆ. ಕೂತ್ಕೊಂಡು ಲೆಕ್ಕ ಬರೀಲಿ, ಮೆಟ್ಟುಕತ್ತಿ ಮಾತ್ರ ಬೇಡ, ಸ್ಟಿರಾಯ್ಡ್ ಮೇಲಿರೋವಾಗ ಗಾಯ ಬೇಗ ಮಾಯಲ್ಲ. ಚಪ್ಪರದಲ್ಲಿ ಕೆಮ್ಮು ಶೀತ ಇರೋರನ್ನ ಆ ಕಡೆ ಸಾಲಲ್ಲಿ ಕೂರ್ಸಿ.